ಬಿಲ್ಲೆಯಿಂದ ತೆಗೆದ ಕಂಬ

1947ರಲ್ಲಿ ಬ್ರಿಟಿಷರು ಹೋದರು. ಅವರ ಬಂದೂಕು ಹೋಗಲಿಲ್ಲ. ಅವರ ಬ್ಯಾರಕ್ಕು ಹೋಗಲಿಲ್ಲ. ಅವರು ಕಟ್ಟಿದ ಪಲ್ಟನ್ನುಗಳೂ ಅವುಗಳ ಹೆಸರುಗಳೂ ಹೋಗಲಿಲ್ಲ. ಬೆಳಗಾವಿಯ ಹಾಸ್ಟೆಲ್‌ಗಳಲ್ಲಿ ಇದ್ದು ಓದುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕ್ಯಾಂಪಿನ ರಸ್ತೆಗಳಲ್ಲಿ ಒಂದು ಸುತ್ತು ಹಾಕಿ ಬಂದರೆ ಸಾಕು. ಆ ಉದ್ದನೆಯ ಕಾಂಪೌಂಡು, ಆ ಹಳೇ ಬಂಗಲೆ, ಆ ಪರೇಡ್ ಮೈದಾನ, ಕೋಟೆಯೊಳಗಿನ ಫೌಜು. 1818ರಲ್ಲಿ ಕಂಪನಿ ಸರಕಾರ ಬೆಳಗಾವಿ ಕೋಟೆಯನ್ನು ಹಿಡಿಯಿತು. ಆಮೇಲೆ ಇಲ್ಲಿ ದಂಡು ಇಳಿಸಿತು. ಆ ದಂಡಿನ ಜಾಗವೇ ಇವತ್ತಿನ ಕಂಟೋನ್ಮೆಂಟು. ಇಡೀ ಕರ್ನಾಟಕದಲ್ಲಿ ಕಂಟೋನ್ಮೆಂಟ್ ಬೋರ್ಡು ಇರುವ ಊರು ಇದೊಂದೇ.

ಸ್ವಾತಂತ್ರ್ಯ ಬಂದ ದೇಶ ಆಳಿ ಹೋದವನ ಆಯುಧಗಳನ್ನು ಏನು ಮಾಡಬೇಕು? ಎಸೆಯಬೇಕೋ, ಇಟ್ಟುಕೊಳ್ಳಬೇಕೋ? ಇಟ್ಟುಕೊಂಡರೆ ಯಾವ ಹೆಸರಿನಲ್ಲಿ, ಯಾವ ಗುರುತಿನಲ್ಲಿ, ಯಾರ ಕೈಯಲ್ಲಿ? ಇದು ಜನರಲ್‌ಗಳ ಪ್ರಶ್ನೆ ಅಂತ ನಾವು ಸುಮ್ಮನಿದ್ದೇವೆ. ಅಲ್ಲ. ಇದು ಕೇರಿಯ ಪ್ರಶ್ನೆ. ಯಾಕೆಂದರೆ ಆ ಹಂಚಿಕೆಯಲ್ಲಿ ದೇಶ ತೋಪುಗಳನ್ನು ಮಾತ್ರ ತೆಗೆದುಕೊಳ್ಳಲಿಲ್ಲ, ತೋಪಿನ ಹಿಂದೆ ಬ್ರಿಟಿಷರು ನಿಲ್ಲಿಸಿದ್ದ ಜಾತಿಯನ್ನೂ ತೆಗೆದುಕೊಂಡಿತು. ಅಳಿಸಬೇಕಾದದ್ದನ್ನು ಉಳಿಸಿಕೊಂಡಿತು. ಅಳಿಸಿದ್ದರಲ್ಲಿ ನಮ್ಮ ನೆನಪೂ ಒಂದು. ಆ ಕತೆ ಬೆಳಗಾವಿಯಲ್ಲೇ ಶುರುವಾಗುತ್ತದೆ ಅನ್ನೋದಕ್ಕೆ ಇದನ್ನು ಬರೆಯುತ್ತಿದ್ದೇವೆ.

ಮೊದಲು ಹಂಚಿಕೆಯ ಕತೆ ಕೇಳ್ರಿ. ದೇಶ ಎರಡು ಹೋಳಾದಾಗ ಸೈನ್ಯವನ್ನೂ ಹೋಳು ಮಾಡಿದರು. ಅಣ್ಣತಮ್ಮಂದಿರು ಹೊಲ ಹಂಚಿಕೊಂಡ ಹಾಗೆ, ಸುಮಾರು ಎರಡು ಪಾಲು ಭಾರತಕ್ಕೆ, ಒಂದು ಪಾಲು ಪಾಕಿಸ್ತಾನಕ್ಕೆ. ಮದ್ದುಗುಂಡಿನ ಕಾರಖಾನೆಗಳು ಹದಿನಾರು, ಹದಿನಾರೂ ಭಾರತದ ನೆಲದಲ್ಲೇ ಇದ್ದವು. ಗೂರ್ಖಾ ರೆಜಿಮೆಂಟುಗಳು ಹತ್ತು. ಅವುಗಳಲ್ಲಿ ಆರು ಭಾರತಕ್ಕೆ, ನಾಲ್ಕು ಬ್ರಿಟನ್ನಿಗೆ. ಮನುಷ್ಯರನ್ನೂ ದನಗಳ ಹಾಗೆ ಎಣಿಸಿ ಹಂಚಿದರು. ವೈಸರಾಯ್ ಕೂತು ಮೆರೆಯುತ್ತಿದ್ದ ಚಿನ್ನದ ಅಂಚಿನ ಸಾರೋಟು ಯಾರಿಗೆ ಅಂತ ಜಗಳ ಬಿದ್ದು, ಕೊನೆಗೆ ನಾಣ್ಯ ಚಿಮ್ಮಿ ತೀರ್ಮಾನ ಮಾಡಿದರಂತೆ. ಭಾರತ ಗೆದ್ದಿತಂತೆ. ರಾಷ್ಟ್ರಪತಿಗಳು ಈಗಲೂ ಗಣರಾಜ್ಯದ ಹಬ್ಬಕ್ಕೆ ಅದನ್ನು ಹತ್ತುತ್ತಾರೆ.

ಹಡಗುಗಳ ಕತೆ ಇನ್ನೂ ಚೆಂದ. ಬ್ರಿಟಿಷರ ಒಂದು ಯುದ್ಧನೌಕೆಯ ಹೆಸರು ‘ನೈಜೀರಿಯಾ’. ಅವರ ಇನ್ನೊಂದು ಗುಲಾಮ ದೇಶದ ಹೆಸರು ಅದು. ಸ್ವತಂತ್ರ ಭಾರತ ಆ ಹಳೇ ಹಡಗನ್ನು ಕೊಂಡು 1957ರಲ್ಲಿ ಅದಕ್ಕೆ ‘ಮೈಸೂರು’ ಅಂತ ಹೆಸರಿಟ್ಟಿತು. ಕಬ್ಬಿಣ ಅದೇ, ತೋಪು ಅದೇ, ಹೆಸರು ಮಾತ್ರ ನಮ್ಮ ನಾಡಿನದು. 1985ರವರೆಗೂ ಅದು ಸೇವೆಯಲ್ಲಿತ್ತು. ಇದರಲ್ಲಿ ತಪ್ಪೇನೂ ಇಲ್ಲ. ಬಡ ದೇಶ, ಹೊಸದನ್ನು ಎಲ್ಲಿಂದ ತರಬೇಕು? ಹಳೇ ಬಂಡಿಗೆ ಹೊಸ ಬಣ್ಣ ಬಳಿದು ಓಡಿಸುವುದು ಬಡವರಿಗೆ ಗೊತ್ತಿರುವ ವಿದ್ಯೆಯೇ. ಆದರೆ ಹಡಗಿಗೆ ಬಣ್ಣ ಬಳಿದಷ್ಟು ಸಲೀಸಾಗಿ ಪಲ್ಟನ್ನಿಗೆ ಬಣ್ಣ ಬಳಿಯಲಿಕ್ಕೆ ಆಗುವುದಿಲ್ಲ. ಪಲ್ಟನ್ನು ಅಂದರೆ ಮನುಷ್ಯರು. ಈ ದೇಶದಲ್ಲಿ ಮನುಷ್ಯರು ಅಂದರೆ ಜಾತಿ.

1857ರ ದಂಗೆ ಆದ ಮೇಲೆ ಬ್ರಿಟಿಷರಿಗೆ ಭಯ ಹಿಡಿಯಿತು. ಯಾರು ತಮಗೆ ನಿಷ್ಠರು, ಯಾರು ಅಲ್ಲ ಅಂತ ಲೆಕ್ಕ ಹಾಕಿ ಪಂಜಾಬು ಮತ್ತು ಗಡಿನಾಡಿನ ಕಡೆಯವರನ್ನು ಸೈನ್ಯಕ್ಕೆ ತುಂಬಿಕೊಂಡರು. ಆಮೇಲೆ ಅದಕ್ಕೊಂದು ಶಾಸ್ತ್ರ ಹೊಸೆದರು. ಕೆಲವು ಜಾತಿ ಹುಟ್ಟಾ ವೀರರು, ಕೆಲವು ಜಾತಿ ಹುಟ್ಟಾ ಹೇಡಿಗಳು ಅಂತ. ನಮ್ಮ ಮನುಶಾಸ್ತ್ರಕ್ಕೆ ಕೋಟು ಬೂಟು ಹಾಕಿದ ಹಾಗೆ ಇತ್ತು ಅದು. ಬಾಬಾಸಾಹೇಬರು 1940ರಲ್ಲಿ ಪಾಕಿಸ್ತಾನದ ಪ್ರಶ್ನೆಯ ಮೇಲೆ ಪುಸ್ತಕ ಬರೆದಾಗ ಈ ಬುರುಡೆಯನ್ನು ಅಂಕಿಸಂಖ್ಯೆ ಇಟ್ಟು ಒಡೆದು ಹಾಕಿದರು. ಯಾವ ಜಾತಿಯೂ ಹುಟ್ಟಿನಿಂದ ವೀರ ಜಾತಿ ಅಲ್ಲ, ಬಿಳಿಯರ ರಾಜಕೀಯ ಲೆಕ್ಕಾಚಾರದಿಂದ ಕೆಲವರು ಒಳಗೆ ಬಂದರು, ಉಳಿದವರು ಹೊರಗೆ ಬಿದ್ದರು ಅಂತ ತೋರಿಸಿದರು. ಗಡಿ ಎಷ್ಟು ಭದ್ರ ಅನ್ನುವುದಕ್ಕಿಂತ ಸೈನ್ಯ ಯಾರ ಕೈಯಲ್ಲಿದೆ ಅನ್ನುವುದು ದೊಡ್ಡ ಪ್ರಶ್ನೆ ಅಂತ ಅವರು ಆಗಲೇ ಹೇಳಿದ್ದರು.

ಹೊರಗೆ ಬಿದ್ದವರಲ್ಲಿ ನಮ್ಮವರೂ ಇದ್ದರು. ಮುಂಬಯಿ ಸೈನ್ಯದಲ್ಲಿ ಮಹಾರರು ಮೊದಲಿಂದ ಇದ್ದರು. ಬಾಬಾಸಾಹೇಬರ ತಂದೆ ರಾಮಜಿ ಸಕ್ಪಾಲರು ಅದೇ ಸೈನ್ಯದಲ್ಲಿ ಸುಬೇದಾರರು. 1892-93ರ ಹೊತ್ತಿಗೆ ಮಹಾರರ ಭರ್ತಿ ನಿಂತಿತು. ನೂರು ವರ್ಷ ದುಡಿಸಿಕೊಂಡವರು ಬಾಗಿಲು ಹಾಕಿದರು. ಮೇಲ್ಜಾತಿಯ ಸಿಪಾಯಿ ಅಸ್ಪೃಶ್ಯ ಸುಬೇದಾರನಿಗೆ ಸಲಾಮು ಹೊಡೆಯುವುದು ಹೇಗೆ? ಗೋಪಾಲ ಬಾಬಾ ವಲಂಗ್ಕರರು 1894ರಲ್ಲಿ ಅರ್ಜಿ ಬರೆದರು. ಶಿವರಾಮ ಜಾನಬಾ ಕಾಂಬಳೆಯವರು 1910ರಲ್ಲಿ ಅರ್ಜಿ ಬರೆದರು. ಬಿಳಿಯ ಸರಕಾರದ ಕಿವಿ ಕೇಳಲಿಲ್ಲ. ಮೊದಲ ಮಹಾಯುದ್ಧದಲ್ಲಿ ಜನ ಸಾಲದೆ ಬಂದಾಗ ಕಿವಿ ಕೇಳಿಸಿತು. 1917ರಲ್ಲಿ ಮಹಾರ ಪಲ್ಟನ್ನು ಕಟ್ಟಿದರು. ಯುದ್ಧ ಮುಗಿಯಿತು, 1921ರ ಹೊತ್ತಿಗೆ ಅದು ಇಲ್ಲವಾಯಿತು. ನೆರೆ ಬಂದಾಗ ಹೊಲೆಯನನ್ನು ಕರೆ, ನೆರೆ ಇಳಿದ ಮೇಲೆ ಊರ ಹೊರಗೆ ಕಳಿಸು. ಊರ ಗೌಡನೂ ಅಷ್ಟೆ, ಲಂಡನ್ನಿನ ಗೌಡನೂ ಅಷ್ಟೆ.

ಈಗ ಬೆಳಗಾವಿಗೆ ಬರೋಣ. ಎರಡನೆಯ ಮಹಾಯುದ್ಧ ನಡೆದಿತ್ತು. 1941ರ ಜುಲೈನಲ್ಲಿ ಬಾಬಾಸಾಹೇಬರು ವೈಸರಾಯ್ ಸರಕಾರದ ರಕ್ಷಣಾ ಸಲಹಾ ಸಮಿತಿಗೆ ಸದಸ್ಯರಾದರು. ಮಹಾರರ ಪಲ್ಟನ್ನು ಆಗಲೇಬೇಕು ಅಂತ ಹಟ ಹಿಡಿದರು. ಆ ವರ್ಷ ಅಕ್ಟೋಬರ್ 1ರಂದು ಮಹಾರ ರೆಜಿಮೆಂಟಿನ ಮೊದಲನೆಯ ಪಡೆ ಹುಟ್ಟಿತು. ಎಲ್ಲಿ? ಪುಣೆಯಲ್ಲಲ್ಲ, ನಾಗಪುರದಲ್ಲಲ್ಲ. ಬೆಳಗಾವಿಯಲ್ಲಿ. ನಾವು ಸಿನಿಮಾಕ್ಕೂ ಸಂತೆಗೂ ಓಡಾಡುವ ಇದೇ ಬೆಳಗಾವಿಯಲ್ಲಿ. ಮರುವರ್ಷ ಎರಡನೆಯ ಪಡೆ ಕಾಮ್ಟಿಯಲ್ಲಿ ಹುಟ್ಟಿತು, ಅದು ಬರ್ಮಾ ರಂಗದಲ್ಲಿ ಕಾದಿತು. ಅದೇ 1942ರಲ್ಲಿ ಬೆಳಗಾವಿಯಲ್ಲಿ ಇನ್ನೊಂದು ಪಡೆಯನ್ನೂ ಎಬ್ಬಿಸಿದರು. ನಮ್ಮ ಹಾಸ್ಟೆಲುಗಳಲ್ಲಿ ಎಷ್ಟು ಮಂದಿಗೆ ಈ ಸಂಗತಿ ಗೊತ್ತು? ಕೈ ಎತ್ರಿ ನೋಡೋಣ. ನಮಗೆ ಕಿತ್ತೂರು ಕಲಿಸಿದರು, ಕಲಿಸಬೇಕಾದ್ದೇ. 1924ರಲ್ಲಿ ಗಾಂಧಿ ಅಧ್ಯಕ್ಷರಾಗಿ ಇಲ್ಲಿ ಕಾಂಗ್ರೆಸ್ ಅಧಿವೇಶನ ನಡೆದದ್ದು ಕಲಿಸಿದರು, ಅದೂ ಸರಿ. 1941ರ ಅಕ್ಟೋಬರ್ 1ನ್ನು ಮಾತ್ರ ಯಾವ ಮಾಸ್ತರರೂ ಕಲಿಸಲಿಲ್ಲ.

ಹೊಸ ರೆಜಿಮೆಂಟಿನ ಟೋಪಿಗೆ ಒಂದು ಬಿಲ್ಲೆ ಬೇಕಲ್ಲ? ಆ ಮೊದಲಿನ ಬಿಲ್ಲೆಯ ಮೇಲೆ ಭೀಮಾ ಕೋರೆಗಾಂವದ ಕಂಬ ಇತ್ತು. ಪುಣೆ ಹತ್ತಿರ ಭೀಮಾ ನದಿ ದಂಡೆಯ ಆ ಕಲ್ಲಿನ ಕಂಬ. 1818ರ ಜನವರಿ 1ರಂದು ಪೇಶ್ವೆಯ ದೊಡ್ಡ ಸೈನ್ಯದ ಎದುರು ಕಂಪನಿಯ ಸಣ್ಣ ಪಡೆ ಇಡೀ ದಿನ ಜಗ್ಗದೆ ನಿಂತದ್ದಕ್ಕೆ ಬ್ರಿಟಿಷರು ನೆಟ್ಟ ಕಂಬ ಅದು. ಅದರ ಮೇಲೆ ಸತ್ತವರ ಹೆಸರುಗಳಿವೆ. ‘ನಾಕ’ ಅಂತ ಮುಗಿಯುವ ಹೆಸರುಗಳು ಅಲ್ಲಿ ಇಪ್ಪತ್ತಕ್ಕೂ ಹೆಚ್ಚು. ಅವು ಮಹಾರರ ಹೆಸರುಗಳು. ಈ ದೇಶದಲ್ಲಿ ನಮ್ಮ ಅಜ್ಜಂದಿರ ಹೆಸರು ಕಲ್ಲಿನ ಮೇಲೆ ಕೆತ್ತಿದ್ದು ಎಲ್ಲೆಲ್ಲಿ ನೋಡಿದ್ದೀರಿ? ಗುಡಿ ಕಟ್ಟಿದ ಕಲ್ಲು ಹೊತ್ತವರ ಹೆಸರು ಯಾವ ಗುಡಿಯ ಮೇಲಿದೆ? 1927ರ ಜನವರಿ 1ರಂದು ಬಾಬಾಸಾಹೇಬರು ಆ ಕಂಬದ ಮುಂದೆ ಹೋಗಿ ನಿಂತದ್ದು ಇದಕ್ಕೇ.

ಸ್ವಾತಂತ್ರ್ಯ ಬಂತು. ಬಿಲ್ಲೆಯಿಂದ ಕಂಬ ಹೋಯಿತು. ಅದರ ಜಾಗಕ್ಕೆ ಒಂದು ಕಠಾರಿ ಬಂತು.

ಇಲ್ಲಿ ನಿಧಾನವಾಗಿ ಯೋಚಿಸಬೇಕು. ಎದುರಿನವರು ಒಂದು ಮಾತು ಹೇಳುತ್ತಾರೆ, ಅದನ್ನು ನಾವು ತಳ್ಳಿ ಹಾಕುವ ಹಾಗಿಲ್ಲ. ‘ಕೋರೆಗಾಂವ್ ಯುದ್ಧ ಗೆದ್ದದ್ದು ಕಂಪನಿ. ಸ್ವತಂತ್ರ ದೇಶದ ಸಿಪಾಯಿ ತನ್ನ ನೆಲವನ್ನು ಪರಕೀಯರು ಗೆದ್ದ ಗುರುತನ್ನು ತಲೆ ಮೇಲೆ ಹೊತ್ತುಕೊಂಡು ತಿರುಗಬೇಕಾ?’ ನ್ಯಾಯವಾದ ಪ್ರಶ್ನೆ. ಇಲ್ಲಿಯ ಜನರ ಮೇಲೆಯೇ ಗೆದ್ದ ಯುದ್ಧಗಳ ಬಿರುದುಗಳನ್ನು ಸ್ವತಂತ್ರ ಭಾರತದ ಸೈನ್ಯ ಬೇರೆ ಪಲ್ಟನ್ನುಗಳಿಂದಲೂ ಇಳಿಸಿತು. ಕಂಬ ತೆಗೆದದ್ದು ನಮ್ಮೊಬ್ಬರ ಮೇಲಿನ ಹಗೆಯಿಂದಲೇ ಅಂತ ನಾವು ಕೂಗುವುದಿಲ್ಲ. ಕೋರೆಗಾಂವದಲ್ಲಿ ಸತ್ತವರು ಜಾತಿ ನಾಶದ ಕ್ರಾಂತಿ ಮಾಡಲಿಕ್ಕೆ ಹೋಗಿದ್ದರು ಅಂತ ಸುಳ್ಳು ಹೇಳುವುದೂ ಬೇಡ. ಅವರು ಪಗಾರಕ್ಕೆ ಹೋಗಿದ್ದರು. ಭಕ್ಕರಿಗೆ ಹೋಗಿದ್ದರು. ಆದರೆ ಪೇಶ್ವೆಯ ಪುಣೆಯಲ್ಲಿ ಅಸ್ಪೃಶ್ಯನು ಸೊಂಟಕ್ಕೆ ಕಸಬರಿಗೆ, ಕೊರಳಿಗೆ ಗಡಿಗೆ ಕಟ್ಟಿಕೊಂಡು ನಡೆಯಬೇಕಿತ್ತು ಅಂತ ಬಾಬಾಸಾಹೇಬರು 1936ರಲ್ಲಿ ಜಾತಿ ವಿನಾಶದ ಪುಸ್ತಕದಲ್ಲಿ ಬರೆದಿದ್ದಾರೆ. ಕೊರಳಿಗೆ ಗಡಿಗೆ ಕಟ್ಟಿದ ರಾಜ್ಯವನ್ನು ‘ಸ್ವಂತ ದೇಶ’ ಅಂತ ಉಳಿಸಲಿಲ್ಲ ಯಾಕೆ ಅಂತ ಆ ಕೊರಳಿಗೆ ಕೇಳುವ ಹಕ್ಕು ಯಾರಿಗಿದೆ?

ನಮ್ಮ ಪ್ರಶ್ನೆ ಬೇರೆ. ಪರಕೀಯರ ಗುರುತು ಅಳಿಸುವುದು ನಿಯಮವಾದರೆ ಆ ನಿಯಮ ಎಲ್ಲಿಯವರೆಗೆ ಹೋಯಿತು? ಬೆಳಗಾವಿ ಮರಾಠಾ ಲೈಟ್ ಇನ್‌ಫೆಂಟ್ರಿಯ ಮನೆ. 1922ರಿಂದ ಅದರ ಕೇಂದ್ರ ಇಲ್ಲೇ ಇದೆ. ಆ ರೆಜಿಮೆಂಟು ಹುಟ್ಟಿದ್ದು 1768ರಲ್ಲಿ, ಕಂಪನಿಯ ಮುಂಬಯಿ ಸಿಪಾಯಿಗಳಾಗಿ. ಅದರ ಸಿಪಾಯಿಗಳು ಶೂರರು, ಅದರಲ್ಲಿ ಎರಡು ಮಾತಿಲ್ಲ. ಆ ರೆಜಿಮೆಂಟಿನ ಮೇಲೆ ನಮಗೆ ಸಿಟ್ಟೂ ಇಲ್ಲ. ಅದು ಕಂಪನಿಯಿಂದ ಬಂದರೂ ಜಾತಿಯ ಹೆಸರು ಉಳಿಯಿತು, ಶಿವಾಜಿ ಮಹಾರಾಜರ ಜಯಕಾರ ಅದರ ರಣಘೋಷ ಆಯಿತು, ಯಾರೂ ಅದನ್ನು ದೇಶದ್ರೋಹ ಅನ್ನಲಿಲ್ಲ. ರಜಪೂತ, ಜಾಟ, ಡೋಗ್ರಾ ಹೆಸರಿನ ರೆಜಿಮೆಂಟುಗಳೂ ಹಾಗೇ ಉಳಿದವು. ಇವೆಲ್ಲ ಬ್ರಿಟಿಷರ ಲೆಕ್ಕದ ಪುಸ್ತಕದಲ್ಲಿ ಹುಟ್ಟಿದ ಹೆಸರುಗಳೇ. ಮಹಾರ ರೆಜಿಮೆಂಟಿನ ರಣಘೋಷ ಏನು ಗೊತ್ತೇ? ‘ಬೋಲೋ ಹಿಂದುಸ್ತಾನ್ ಕೀ ಜೈ’. ದೇವರ ಹೆಸರಿಲ್ಲ, ರಾಜನ ಹೆಸರಿಲ್ಲ, ಕುಲದ ಹೆಸರಿಲ್ಲ. ಇಡೀ ದೇಶಕ್ಕೆ ಜೈ ಅಂದವರು ನಾವು. ಆದರೂ ದೇಶಪ್ರೇಮದ ಸರ್ಟಿಫಿಕೇಟು ತೋರಿಸು ಅಂತ ವರ್ಷಾ ವರ್ಷಾ ನಮ್ಮನ್ನೇ ಕೇಳುತ್ತಾರೆ. 2018ರ ಜನವರಿ 1ರಂದು, ಇನ್ನೂರು ವರ್ಷ ತುಂಬಿದ ದಿನ, ಆ ಕಂಬ ನೋಡಲಿಕ್ಕೆ ಹೋದ ಜನರ ಮೇಲೆ ಕಲ್ಲು ಬಿದ್ದವು.

ಇನ್ನೊಂದು ಮಾತು. ಮಹಾರ ರೆಜಿಮೆಂಟನ್ನು ಎಲ್ಲ ಜಾತಿಯವರಿಗೂ ತೆರೆದರು. ಒಳ್ಳೆಯದೇ ಆಯಿತು. 1956ರಲ್ಲಿ ಪಂಜಾಬಿನ ಗಡಿಪಡೆಗಳನ್ನು ತಂದು ಅದಕ್ಕೆ ಸೇರಿಸಿದರು. ಕೃಷ್ಣರಾವ್ ಮತ್ತು ಸುಂದರ್‌ಜಿ, ಇಬ್ಬರು ಭೂಸೇನಾ ಮುಖ್ಯಸ್ಥರು ಆ ರೆಜಿಮೆಂಟಿನಿಂದ ಬಂದರು. ಇಬ್ಬರೂ ಅಸ್ಪೃಶ್ಯ ಕೇರಿಯವರಲ್ಲ. 1987ರ ನವೆಂಬರಿನಲ್ಲಿ ಶ್ರೀಲಂಕಾದಲ್ಲಿ ಪ್ರಾಣ ಕೊಟ್ಟು ಪರಮವೀರ ಚಕ್ರ ಪಡೆದ ಮೇಜರ್ ರಾಮಸ್ವಾಮಿ ಪರಮೇಶ್ವರನ್ ಆ ರೆಜಿಮೆಂಟಿನ ಎಂಟನೆಯ ಪಡೆಯವರು. ನಮ್ಮ ಮನೆಗೆ ಎಲ್ಲರೂ ಬಂದರು, ನಾವು ಸಂತೋಷಪಟ್ಟೆವು. ಮತ್ತೆ ಅವರ ಮನೆಗೆ ನಾವು ಹೋಗುವುದು ಯಾವಾಗ? 1949ರಲ್ಲಿ ಸರಕಾರ ಸೈನ್ಯದ ಭರ್ತಿ ಎಲ್ಲರಿಗೂ ತೆರೆದಿದೆ ಅಂತ ಘೋಷಣೆ ಮಾಡಿತು. ಅದೇ ವರ್ಷ ಕೊಡಗಿನ ಕಾರಿಯಪ್ಪನವರು ಸೈನ್ಯದ ಮೊದಲ ಭಾರತೀಯ ಮುಖ್ಯಸ್ಥರಾದರು. ಅವರ ಕಾಲದಲ್ಲಿ ಗಾರ್ಡ್ಸ್ ಪಡೆಯನ್ನು ಕಟ್ಟಿದ್ದು ಎಲ್ಲ ಜಾತಿ, ಎಲ್ಲ ಪ್ರಾಂತದವರು ಒಂದೇ ಸಾಲಿನಲ್ಲಿ ನಿಲ್ಲಲಿ ಅಂತ. ಅಂದರೆ ಮಾಡಬೇಕು ಅಂದರೆ ಆಗುತ್ತಿತ್ತು. ಹೊಸದಾಗಿ ಕಟ್ಟಿದ್ದನ್ನು ಎಲ್ಲರಿಗೂ ತೆರೆದರು. ಹಳೇ ಜಾತಿ ಮನೆಗಳನ್ನು ಹಳೇ ಯಜಮಾನರಿಗೇ ಬಿಟ್ಟರು.

ಇದಕ್ಕೆ ತುದಿಯ ಉದಾಹರಣೆ ರಾಷ್ಟ್ರಪತಿಗಳ ಅಂಗರಕ್ಷಕ ದಳ. ವಾರನ್ ಹೇಸ್ಟಿಂಗ್ಸ್ 1773ರಲ್ಲಿ ತನ್ನ ಮೈಗಾವಲಿಗೆ ಕಟ್ಟಿಕೊಂಡ ಕುದುರೆ ಪಡೆ ಅದು. ನಾಣ್ಯ ಚಿಮ್ಮಿ ಗೆದ್ದ ಸಾರೋಟಿನ ಅಕ್ಕಪಕ್ಕ ಕುದುರೆ ಓಡಿಸುವವರು ಅವರೇ. 2013ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಸೈನ್ಯವೇ ಹೇಳಿತು: ಈ ದಳಕ್ಕೆ ಹಿಂದೂ ಜಾಟರು, ಸಿಖ್ ಜಾಟರು, ರಜಪೂತರು ಮಾತ್ರ. ಎತ್ತರ, ಮೈಕಟ್ಟು ಒಂದೇ ತರಹ ಕಾಣಬೇಕು ಅನ್ನುವ ಕಾರಣ ಕೊಟ್ಟಿತು. 1997ರಲ್ಲಿ ಕೆ.ಆರ್. ನಾರಾಯಣನ್ ರಾಷ್ಟ್ರಪತಿ ಆದರು. 2017ರಲ್ಲಿ ರಾಮನಾಥ ಕೋವಿಂದ್ ಆದರು. ಇಬ್ಬರೂ ದಲಿತರು. ದೇಶದ ಮೊದಲನೆಯ ಕುರ್ಚಿಯಲ್ಲಿ ದಲಿತ ಕೂರಬಹುದು, ಆದರೆ ಆ ಕುರ್ಚಿ ಕಾಯುವ ಕುದುರೆಯ ಮೇಲೆ ದಲಿತನ ಮಗ ಕೂರುವ ಹಾಗಿಲ್ಲ! ಸಂವಿಧಾನದ ಮನೆಯೊಳಗೆ ವಾರನ್ ಹೇಸ್ಟಿಂಗ್ಸ್ ಇನ್ನೂ ಕಾಲು ಚಾಚಿ ಮಲಗಿದ್ದಾನೆ.

ಗುರುತು ಬದಲಿಸುವುದು ಸುಲಭ ಅನ್ನಲಿಕ್ಕೆ ನೌಕಾಪಡೆಯ ಬಾವುಟ ನೋಡ್ರಿ. ಬ್ರಿಟಿಷರ ಕೆಂಪು ಶಿಲುಬೆ ನಡುವೆ ಮೂರು ವರ್ಷ ಬಿಟ್ಟರೆ ಅದರ ಮೇಲೆ ಹಾಗೇ ಇತ್ತು. 2022ರ ಸೆಪ್ಟೆಂಬರ್ 2ರಂದು ಅದನ್ನು ತೆಗೆದರು. ಗುಲಾಮಗಿರಿಯ ಗುರುತು ಹೋಯಿತು ಅಂತ ಭಾಷಣ ಆಯಿತು. ಹೋಗಲಿ, ನಮಗೂ ಸಂತೋಷ. ಆ ಜಾಗಕ್ಕೆ ಶಿವಾಜಿಯ ರಾಜಮುದ್ರೆಯ ಎಂಟು ಮೂಲೆಯ ಆಕಾರ ಬಂತು. ಕಡಲ ಮೇಲೆ ಕೋಟೆ ಕಟ್ಟಿದ ರಾಜ, ನೌಕಾಪಡೆಗೆ ಅವನ ಗುರುತು ಒಪ್ಪುತ್ತದೆ. ಆದರೆ ಒಂದು ಪಾಠ ಕಲಿಯಬೇಕು. ಪರಕೀಯರ ಗುರುತು ಅಳಿಸಿದಾಗ ಆ ಜಾಗ ಖಾಲಿ ಇರುವುದಿಲ್ಲ. ಅಲ್ಲಿ ಯಾರದೋ ನೆನಪು ಬಂದು ಕೂರುತ್ತದೆ. ಯಾರ ನೆನಪು ಅನ್ನುವುದನ್ನು ಯಾರು ತೀರ್ಮಾನ ಮಾಡುತ್ತಾರೋ ಅವರೇ ‘ದೇಶ’ ಅನಿಸಿಕೊಳ್ಳುತ್ತಾರೆ. ನೌಕಾಪಡೆಯ ಬಾವುಟದಿಂದ ಶಿಲುಬೆ ಹೋದಾಗ ಒಂದು ಇತಿಹಾಸ ಬಂತು. ನಮ್ಮ ಬಿಲ್ಲೆಯಿಂದ ಕಂಬ ಹೋದಾಗ ಬಂದದ್ದು ಹೆಸರಿಲ್ಲದ ಕಠಾರಿ.

ನಮ್ಮೊಂದೇ ದೇಶ ಈ ಗೋಜಲಿನಲ್ಲಿ ಬಿದ್ದದ್ದಲ್ಲ. ಆಫ್ರಿಕಾದ ಟಾಂಗನ್ಯೀಕಾಕ್ಕೆ 1961ರಲ್ಲಿ ಸ್ವಾತಂತ್ರ್ಯ ಬಂತು. ಬ್ರಿಟಿಷರು ಕಟ್ಟಿದ ಪಡೆ ಹಾಗೇ ಉಳಿಯಿತು, ಮೇಲಿನ ಅಧಿಕಾರಿಗಳು ಬಿಳಿಯರೇ. 1964ರ ಜನವರಿಯಲ್ಲಿ ಪಗಾರಕ್ಕೂ ಬಡ್ತಿಗೂ ಸಿಪಾಯಿಗಳು ದಂಗೆ ಎದ್ದರು. ನೈರೇರೆ ಆ ಸೈನ್ಯವನ್ನೇ ವಿಸರ್ಜನೆ ಮಾಡಿ ಯುವಕರಿಂದ ಹೊಸ ಸೈನ್ಯ ಕಟ್ಟಿದರು. ಇಂಡೋನೇಷ್ಯಾದಲ್ಲಿ ಡಚ್ಚರ ಸೈನ್ಯ 1950ರಲ್ಲಿ ಮುಚ್ಚಿತು. ಅದರಲ್ಲಿ ದುಡಿದ ಮೊಲುಕ್ಕಾ ದ್ವೀಪಗಳ ಸಿಪಾಯಿಗಳನ್ನು ಹೆಂಡಿರು ಮಕ್ಕಳ ಸಮೇತ, ಸುಮಾರು 12,500 ಜನರನ್ನು, 1951ರಲ್ಲಿ ಹಾಲೆಂಡಿಗೆ ಸಾಗಿಸಿದರು. ಅಲ್ಲಿ ಇಳಿದ ಕೂಡಲೇ ಕೆಲಸದಿಂದ ತೆಗೆದು ಶಿಬಿರಗಳಿಗೆ ತಳ್ಳಿದರು. ಹೊಸ ದೇಶಕ್ಕೆ ಅವರು ದ್ರೋಹಿಗಳು, ಹಳೇ ಧಣಿಗೆ ಅವರು ಬೇಡದ ಆಳುಗಳು. ನಮ್ಮವರ 1892ಕ್ಕೂ ಇದಕ್ಕೂ ಏನು ಫರಕು? ಸೋವಿಯತ್ ಒಕ್ಕೂಟ 1991ರಲ್ಲಿ ಒಡೆದಾಗ ಉಕ್ರೇನಿನ ನೆಲದಲ್ಲಿ ಜಗತ್ತಿನ ಮೂರನೆಯ ದೊಡ್ಡ ಅಣ್ವಸ್ತ್ರ ರಾಶಿ ಉಳಿದಿತ್ತು. 1994ರಲ್ಲಿ ಕಾಗದದ ಭರವಸೆ ಪಡೆದು ಅದನ್ನು ಬಿಟ್ಟುಕೊಡಲು ಒಪ್ಪಿದರು. 2014ರಲ್ಲಿ, ಮತ್ತೆ 2022ರಲ್ಲಿ, ಆ ಕಾಗದ ಅವರನ್ನು ಕಾಯಲಿಲ್ಲ. ಒಬ್ಬರು ಇಟ್ಟುಕೊಂಡರು, ಒಬ್ಬರು ಮುರಿದು ಕಟ್ಟಿದರು, ಒಬ್ಬರು ಬಿಟ್ಟುಕೊಟ್ಟರು. ಎಲ್ಲರಿಗೂ ಪ್ರಶ್ನೆ ಒಂದೇ: ಈ ಬಂದೂಕು ಯಾರದು, ಇದು ಯಾರನ್ನು ಕಾಯುತ್ತದೆ?

ಈ ಪ್ರಶ್ನೆಯನ್ನು ಬೆಳಗಾವಿಯಿಂದ ಖಾನಾಪುರದ ರಸ್ತೆಯ ಮೇಲೆ ನಿಂತು ಕೇಳಿದರೆ ಇನ್ನೂ ಚುರುಕಾಗುತ್ತದೆ. ಖಾನಾಪುರ ತಾಲೂಕಿನ ನಂದಗಡದಲ್ಲಿ ಸಂಗೊಳ್ಳಿ ರಾಯಣ್ಣನನ್ನು 1831ರ ಜನವರಿ 26ರಂದು ಕಂಪನಿ ನೇಣಿಗೆ ಹಾಕಿತು. ರಾಯಣ್ಣ ದೊರೆಯ ಮಗ ಅಲ್ಲ, ಕುರುಬರ ಮನೆಯ ಶೇತಸನದಿ. ಊರ ಕಾಯುವ ಚಾಕರಿಗೆ ಹೊಲ ಉಂಡವನು. ಆ ಹೊಲಕ್ಕೆ ಕಂಪನಿ ಕೈ ಹಾಕಿದಾಗ ಎದ್ದು ನಿಂತವನು. ಈಗ ಕೇಳುತ್ತಾರೆ: ರಾಯಣ್ಣನ ನೆಲದಲ್ಲಿ ನಿಂತು ಕಂಪನಿಯ ಸಿಪಾಯಿಗಳ ಕಂಬಕ್ಕೆ ಕೈ ಮುಗಿಯುತ್ತೀರಾ? ನಾವು ಹೇಳುತ್ತೇವೆ, ರಾಯಣ್ಣನೂ ನಮ್ಮವನೇ. ಅವನಿಗೆ ಕಳೆದುಕೊಳ್ಳಲಿಕ್ಕೆ ಒಂದು ತುಂಡು ಹೊಲ ಇತ್ತು, ಕರೆದರೆ ಬರುವ ಊರು ಇತ್ತು. ಪೇಶ್ವೆಯ ರಾಜ್ಯದ ಮಹಾರನಿಗೆ ಊರೇ ಇರಲಿಲ್ಲ, ಊರ ಹೊರಗಿನ ಕೇರಿ ಇತ್ತು. ಇಬ್ಬರೂ ಬಡವರು, ಇಬ್ಬರೂ ಊರಿನ ಚಾಕರಿಯವರು. ಒಬ್ಬನನ್ನು ಕಂಪನಿ ನೇಣಿಗೆ ಹಾಕಿತು, ಇನ್ನೊಬ್ಬನನ್ನು ಬಳಸಿ ಬಿಸಾಡಿತು. ಇವರಿಬ್ಬರನ್ನೂ ಒಂದೇ ಎದೆಯಲ್ಲಿ ಇಟ್ಟುಕೊಳ್ಳಲಾರದ ದೇಶಪ್ರೇಮ ಅರ್ಧ ದೇಶದ ಪ್ರೇಮ.

ಅದೇ ರಸ್ತೆಯ ಪೀರನವಾಡಿಯಲ್ಲಿ 2020ರ ಆಗಸ್ಟಿನಲ್ಲಿ ಏನಾಯಿತು, ನೆನಪಿದೆಯಲ್ಲ? ರಾಯಣ್ಣನ ಪ್ರತಿಮೆ ನಿಲ್ಲಿಸಿದ್ದಕ್ಕೆ ಶಿವಾಜಿಯ ಹೆಸರಿನಲ್ಲಿ ಜಗಳ. 2021ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಶಿವಾಜಿ ಪ್ರತಿಮೆಗೆ ಮಸಿ, ಬೆಳಗಾವಿಯಲ್ಲಿ ರಾಯಣ್ಣನ ಪ್ರತಿಮೆಗೆ ಪೆಟ್ಟು. ಸತ್ತ ಇಬ್ಬರು ವೀರರನ್ನು ಬದುಕಿದವರು ಕಾಳಗಕ್ಕೆ ಬಿಟ್ಟರು. ಕಲ್ಲು ಹಿಡಿಯಲಿಕ್ಕೆ ಮುಂದೆ ಯಾರನ್ನು ಕಳಿಸಿದರು? ಕೇಸು ಬಿದ್ದಾಗ ಯಾರ ಮನೆಯ ಹುಡುಗರು ಕೋರ್ಟು ಅಲೆಯುತ್ತಾರೆ? ಗೆಳೆಯರೇ, ಮರಾಠಿಯಲ್ಲಿ ನಮಗೆ ಮಹಾರ ಅಂತಾರೆ, ಕನ್ನಡದಲ್ಲಿ ಹೊಲೆಯ ಅಂತಾರೆ. ಹೆಸರು ಎರಡು, ಕೇರಿ ಒಂದು, ಬಾವಿಯ ಹತ್ತಿರ ಬಿದ್ದ ಬೈಗುಳ ಒಂದು. ಗಡಿ ಯಾರ ಕಡೆ ಹೋದರೂ ಕೇರಿ ಊರ ಹೊರಗೇ ಇರುತ್ತದೆ ಅನ್ನುವುದನ್ನು ನಾವು ಮರೆಯಬಾರದು.

ಹಾಗಾದರೆ ಬ್ರಿಟಿಷರ ದಂಡಿನಿಂದ ನಮಗೆ ಬಂದ ಆಸ್ತಿ ಯಾವುದು? ಬಂದೂಕು ಬರಲಿಲ್ಲ. ಕಂಟೋನ್ಮೆಂಟಿನ ಬಂಗಲೆ ಬರಲಿಲ್ಲ. ಅಲ್ಲಿಯ ಪಾಯಿಖಾನೆ ತೊಳೆಯುವ ಕೆಲಸ ಮಾತ್ರ ನಮಗೆ ಬಂತು. ಆದರೆ ಇನ್ನೊಂದು ಬಂತು, ಅದನ್ನು ಯಾರೂ ಹಂಚಿಕೆಯ ಪಟ್ಟಿಯಲ್ಲಿ ಬರೆದಿರಲಿಲ್ಲ. ಪಾಟಿ ಬಳಪ. ಕಂಪನಿಯ ಸೈನ್ಯದಲ್ಲಿ ಸಿಪಾಯಿಗಳ ಮಕ್ಕಳಿಗೆ ಓದು ಕಲಿಸುತ್ತಿದ್ದರು. ರಾಮಜಿ ಸಕ್ಪಾಲರು ಸೈನ್ಯದ ಶಾಲೆಯ ಹೆಡ್‌ಮಾಸ್ತರರಾಗಿದ್ದರು. ಮಗ ಭೀಮರಾವ್ ಹುಟ್ಟಿದ್ದು ಮಹೂ ಎಂಬ ದಂಡಿನ ಊರಿನಲ್ಲಿ, 1891ರ ಏಪ್ರಿಲ್ 14ರಂದು. ಆ ಮಗ ಓದಿದ. ಓದಿದ ಮೇಲೆ ಬಂದೂಕು ಬೇಡಲಿಲ್ಲ, ಸಂವಿಧಾನ ಬರೆದ. ಮುಂಬಯಿ ಪ್ರಾಂತದಲ್ಲಿ ನಮ್ಮ ಮಕ್ಕಳಿಗೆ ಹಾಸ್ಟೆಲುಗಳನ್ನು ಕಟ್ಟಿಸಿದಾಗ ಅವುಗಳಲ್ಲಿ ಒಂದು ನಮ್ಮ ಧಾರವಾಡದಲ್ಲಿತ್ತು. ನಾವು ಇವತ್ತು ಹಾಸ್ಟೆಲಿನ ಕಬ್ಬಿಣದ ಮಂಚದ ಮೇಲೆ ಕೂತು ಓದುತ್ತೇವಲ್ಲ, ಆ ಓದು ಹೀಗೆ ದಂಡಿನ ಶಾಲೆಯಿಂದ ನಡೆದು ಬಂದದ್ದು. ನಮ್ಮ ಪಾಲಿಗೆ ಬಂದ ಆಸ್ತಿ ಇದು.

ಇದನ್ನು ಯಾಕೆ ಒತ್ತಿ ಹೇಳುತ್ತೇವೆ? ‘ನಾವೂ ವೀರ ಜಾತಿ, ನಾವೂ ಕ್ಷತ್ರಿಯರು’ ಅನ್ನುವ ಅಮಲು ನಮ್ಮ ಹುಡುಗರಿಗೂ ಏರುತ್ತಿದೆ. ಅಜ್ಜಂದಿರ ಅರ್ಜಿಗಳಲ್ಲೂ ಆ ಮಾತು ಇತ್ತು. ಅವರ ಕಾಲಕ್ಕೆ ಬೇರೆ ದಾರಿ ಇರಲಿಲ್ಲ. ನಮಗೆ ಇದೆ. ವೀರ ಜಾತಿ ಅನ್ನುವ ಸುಳ್ಳಿನಿಂದಲೇ ನಮ್ಮನ್ನು ಹೊರಗೆ ಹಾಕಿದರು. ಅದೇ ಸುಳ್ಳನ್ನು ತಲೆ ಮೇಲೆ ಹೊತ್ತು ಒಳಗೆ ಹೋಗಬೇಕಾ? 1943ರಲ್ಲಿ ಚಮಾರ್ ರೆಜಿಮೆಂಟು ಕಟ್ಟಿದರು, 1946ರಲ್ಲಿ ಮುಚ್ಚಿದರು. ಅದನ್ನು ಮತ್ತೆ ಕಟ್ಟಿ ಅನ್ನುವ ಕೂಗು ಇದೆ. ಆ ಕೂಗಿನ ಹಿಂದಿನ ನೋವು ನಮಗೆ ಅರ್ಥವಾಗುತ್ತದೆ. ಆದರೆ ಜಾತಿಗೊಂದು ಬ್ಯಾರಕ್ಕು ಕಟ್ಟಿದರೆ ಊರಿನ ಹಾಗೆ ದಂಡಿನಲ್ಲೂ ಕೇರಿ ಉಳಿಯುತ್ತದೆ. ನಮಗೆ ಬೇಕಾದದ್ದು ಇನ್ನೊಂದು ಕೇರಿ ಅಲ್ಲ, ಊರ ಬಾಗಿಲು.

ಇವತ್ತಿಗೂ ಖಾನಾಪುರದ ಕಡೆಯ ಹಳ್ಳಿಗಳಲ್ಲಿ ಬೆಳಗಿನ ಜಾವ ಹುಡುಗರು ರಸ್ತೆ ಮೇಲೆ ಓಡುತ್ತಾರೆ. ಸೈನ್ಯದ ಭರ್ತಿಗೆ ತಯಾರಿ. ಅವರಲ್ಲಿ ಎಲ್ಲ ಜಾತಿಯವರೂ ಇದ್ದಾರೆ, ಎಲ್ಲರೂ ಬಡವರ ಮಕ್ಕಳೇ. 2022ರಲ್ಲಿ ಅಗ್ನಿಪಥ ಬಂತು. ನಾಲ್ಕು ವರ್ಷದ ಚಾಕರಿ, ಅದರಲ್ಲಿ ನೂರಕ್ಕೆ ಇಪ್ಪತ್ತೈದು ಜನ ಮಾತ್ರ ಮುಂದೆ ಉಳಿಯುತ್ತಾರೆ ಅಂದರು. ಭರ್ತಿಗೆ ಜಾತಿ ಪ್ರಾಂತದ ಗೋಡೆ ಇರುವುದಿಲ್ಲ ಅಂತಲೂ ಹೇಳಿದರು. ಆ ಎರಡನೆಯ ಮಾತು 1949ರಲ್ಲೇ ಹೇಳಿದ್ದರು! ಬಾಗಿಲು ತೆರೆಯುತ್ತೇವೆ ಅಂದ ವರ್ಷವೇ ಒಳಗಿನ ಚಾಕರಿಯನ್ನು ನಾಲ್ಕು ವರ್ಷಕ್ಕೆ ಇಳಿಸಿದರು. 1917ರ ಪಲ್ಟನ್ನಿನ ಆಯಸ್ಸೂ ನಾಲ್ಕೇ ವರ್ಷ. ಬಳಸು, ಕಳಿಸು ಅನ್ನುವ ಆ ಹಳೇ ರೂಢಿ ಈಗ ಎಲ್ಲ ಜಾತಿಯ ಬಡವರ ಬಾಗಿಲಿಗೂ ಬಂದಿದೆ. ಸೈನ್ಯದ ಭರ್ತಿಗೆ ಮೀಸಲಾತಿಯೂ ಇಲ್ಲ. ಒಳಗೆ ನಾವು ಎಷ್ಟು ಮಂದಿ, ಯಾವ ಹುದ್ದೆಯಲ್ಲಿ ಅಂತ ಕೇಳಿದರೆ ‘ಸೈನ್ಯದಲ್ಲಿ ಜಾತಿ ಇಲ್ಲ’ ಅನ್ನುತ್ತಾರೆ. ಜಾತಿ ಇಲ್ಲದಿದ್ದರೆ ಹೆಸರುಗಳಲ್ಲಿ ಯಾಕಿದೆ?

ಆದ್ದರಿಂದ ನಮ್ಮ ಮಾತು ಇಷ್ಟು. ಆಳಿ ಹೋದವನ ಬಂದೂಕನ್ನು ಸ್ವತಂತ್ರ ದೇಶ ಇಟ್ಟುಕೊಳ್ಳಲಿ, ಬಾವುಟ ಬದಲಿಸಲಿ, ಹಡಗಿಗೆ ಹೆಸರು ಇಡಲಿ. ಅದರಿಂದ ದೇಶ ಹುಟ್ಟುವುದಿಲ್ಲ. ಅವನು ಮುಚ್ಚಿದ ಬಾಗಿಲುಗಳನ್ನು ತೆರೆದಾಗ ದೇಶ ಹುಟ್ಟುತ್ತದೆ. ಎಲ್ಲ ರೆಜಿಮೆಂಟುಗಳೂ ಎಲ್ಲರಿಗೂ ನಿಜವಾಗಿ ತೆರೆಯಲಿ, ರಾಷ್ಟ್ರಪತಿಗಳ ಕುದುರೆ ಪಡೆಯೂ ಸೇರಿ. ಒಳಗೆ ಯಾರೆಷ್ಟು ಅನ್ನುವ ಲೆಕ್ಕ ಜನರ ಮುಂದೆ ಇಡಲಿ. ಬೆಳಗಾವಿಯ ಶಾಲೆ ಕಾಲೇಜುಗಳಲ್ಲಿ ಕಿತ್ತೂರಿನ ಜೊತೆಗೆ, ನಂದಗಡದ ಜೊತೆಗೆ, 1941ರ ಅಕ್ಟೋಬರ್ 1ನ್ನೂ ಕಲಿಸಲಿ. ಕಂಬವನ್ನು ಬಿಲ್ಲೆಗೆ ಮತ್ತೆ ಹಾಕಿ ಅಂತ ನಾವು ಕೇಳುತ್ತಿಲ್ಲ. ಬಿಲ್ಲೆಯಿಂದ ಹೋದದ್ದು ಪಾಠದಿಂದಲೂ ಹೋಗಬಾರದು ಅಂತ ಕೇಳುತ್ತಿದ್ದೇವೆ.

ಅವರು ಕಲಿಸುವವರೆಗೂ ಕಾಯಬೇಕಾಗಿಲ್ಲ. ಈ ಅಕ್ಟೋಬರ್ 1ಕ್ಕೆ ಹಾಸ್ಟೆಲು ಹಾಸ್ಟೆಲುಗಳಲ್ಲಿ ಊಟವಾದ ಮೇಲೆ ಒಂದು ತಾಸು ಕೂಡ್ರಿ. ಕನ್ನಡದವರು, ಮರಾಠಿಯವರು ಒಟ್ಟಿಗೆ ಕೂಡ್ರಿ. ಕೇರಿಯಲ್ಲಿ ಫೌಜಿಗೆ ಹೋಗಿ ಬಂದ ಮುದುಕರು ಇದ್ದರೆ ಕರೆದು ಕೂರಿಸಿ, ಅವರ ಬಾಯಿಂದ ಕೇಳ್ರಿ, ಬರೆದುಕೊಳ್ರಿ. ಬರೆದದ್ದನ್ನು ಈ ಪತ್ರಿಕೆಗೆ ಕಳಿಸ್ರಿ. ನಮ್ಮ ಅಜ್ಜಂದಿರ ಹೆಸರನ್ನು ಬರೆಯಲಿಕ್ಕೆ ಇನ್ನೊಬ್ಬ ಕಂಪನಿ ಸಾಹೇಬ ಬರಬೇಕಾಗಿಲ್ಲ. ಬರೆಯುವ ಕೈ ಈಗ ನಮ್ಮದೇ ಇದೆ.

ಜೈ ಭೀಮ್.